ಹೊಡೆಯದೆ ಒಳಗೆ ಬಿಡುವುದಿಲ್ಲ

ಮನೆಮಂದಿಯನ್ನೆಲ್ಲ ಒಂದು ಕಡೆ ಕೂರಿಸಿ ನಗಿಸುವುದು ನೂರು ಜನಕ್ಕೆ ರೊಟ್ಟಿ ಬಡಿಯುವುದಕ್ಕಿಂತ ಕಷ್ಟ. ಎರಡನ್ನೂ ಮಾಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ. ನಾನು ಶಾಲೆ ಕಲಿತದ್ದು ಎರಡನೆಯ ಇಯತ್ತೆಯ ಅರ್ಧದವರೆಗೆ. ಉಳಿದರ್ಧ ಎಮ್ಮೆ ಕಾಯುವುದರಲ್ಲಿ ಹೋಯಿತು. ಹಾಗಾಗಿ ಈ ಬರಹದಲ್ಲಿ ಎಲ್ಲಿಯಾದರೂ ತಪ್ಪು ಕಂಡರೆ ಆ ಎಮ್ಮೆಯನ್ನು ಕೇಳಿರಿ. ಆದರೆ ಮನೆಯವರ ಮನರಂಜನೆಯ ವಿಷಯದಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮೂರು ಮಟಕಿಯಲ್ಲಿ, ನಮ್ಮ ಓಣಿಯ ಯಾವ ಮನೆಯಲ್ಲಿ ಮಕ್ಕಳು ಮುಖ ಗಂಟು ಹಾಕಿಕೊಂಡು ಕೂತರೂ, ಯಾವ ಮನೆಗೆ ಬೀಗರು ಬಂದು ಮಾತಿಲ್ಲದೆ ಗೋಡೆ ನೋಡುತ್ತಿದ್ದರೂ, "ಹೋಗಿ ಆಯೀನ್ನ ಕೇಳ್ರಿ" ಅನ್ನುತ್ತಾರೆ. ಆಯಿ ಎಂದರೆ ನಾನು. ನಾನು ಹೇಳಿದ್ದನ್ನು ಮಾಡಿ ನಗದವರು ಇಲ್ಲ. ಒಬ್ಬಿಬ್ಬರು ಅತ್ತಿದ್ದಾರೆ, ಅದು ಬೇರೆ ಮಾತು.

ನನ್ನ ಹತ್ತಿರ ಉಪಾಯಗಳಿಗೆ ಬರವಿಲ್ಲ. ಚಳಿಗಾಲದಲ್ಲಿ ಎಳೆ ಜೋಳದ ತೆನೆ ಬಂದಾಗ ಎಲ್ಲರನ್ನೂ ಹೊಲಕ್ಕೆ ಹೊರಡಿಸಿ ಸೀತನಿ ಸುಟ್ಟು ತಿನ್ನಿಸಬೇಕು. ಬಾಯಿ ಸುಡುವಾಗ ಯಾರೂ ಜಗಳ ಆಡಲಾರರು. ಗಾಣಗಾಪುರಕ್ಕೆ ಹೋದರೆ ದರ್ಶನ ಮುಗಿಸಿ ಬಸ್ಸಿಗೆ ಓಡಬೇಡಿರಿ. ಅಂಗಡಿ ಸಾಲಿನ ಕಟ್ಟೆಯ ಮೇಲೆ ಅರ್ಧ ತಾಸು ಕೂತು, ಬಂದುಹೋಗುವವರ ಚಪ್ಪಲಿ ನೋಡಿ ಅವರು ಯಾವ ಊರಿನವರೆಂದು ಹೇಳುವ ಆಟ ಆಡಿರಿ. ಒಮ್ಮೆ ನನ್ನ ಮಗ ಬಸವರಾಜ ಒಂದು ಜೋಡು ನೋಡಿ, "ಇಂವ ಪಕ್ಕಾ ಸೊಲ್ಲಾಪುರದಾಂವ, ನಡಿಗಿನೇ ಹೇಳ್ತೈತಿ" ಎಂದ. ತಲೆ ಎತ್ತಿ ನೋಡಿದರೆ ಅವನ ಮಾವ, ಹೆಂಡತಿಯ ಸ್ವಂತ ಅಪ್ಪ, ಎದುರು ನಿಂತಿದ್ದ. ಇನ್ನೊಂದು ಉಪಾಯ ಟಿವಿಯದು. ಧಾರಾವಾಹಿ ಹಚ್ಚಿ ದನಿ ಬಂದ್ ಮಾಡಬೇಕು. ತೆರೆಯ ಮೇಲಿನವರ ಮಾತನ್ನು ಮನೆಯವರು ಒಬ್ಬೊಬ್ಬರು ಆಡಬೇಕು. ನಾನು ಸೊಸೆ ಗೌರಿಗೆ ಅತ್ತೆಯ ಪಾತ್ರ ಕೊಟ್ಟೆ. ತೆರೆಯ ಮೇಲಿನ ಅತ್ತೆ ರೇಷ್ಮೆ ಸೀರೆ ಉಟ್ಟು ಬಾಯಿ ತೆರೆದಾಗಲೆಲ್ಲ ಗೌರಿ, "ಏನ್ ಬೇ, ಇಷ್ಟ ದಪ್ಪ ರೊಟ್ಟಿ ಮಾಡೀದಿ, ತಿನ್ನಾಕೋ ಮನಿಗಿ ಹೊದಸಾಕೋ?" ಅನ್ನುತ್ತಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಅದು ನನ್ನದೇ ಮಾತು ಎಂದು ನನಗೆ ತಿಳಿದದ್ದು ಮರುದಿನ ಮುಂಜಾನೆ ಬುಟ್ಟಿಯಲ್ಲಿದ್ದ ರೊಟ್ಟಿ ನೋಡಿ ಬಾಯಿ ತೆರೆದಾಗ. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡೆ. ಆ ಉಪಾಯವನ್ನು ನಾನು ಈಗ ಯಾರಿಗೂ ಅಷ್ಟಾಗಿ ಹೇಳುವುದಿಲ್ಲ.

ಆದರೆ ಇವೆಲ್ಲ ಚಿಲ್ಲರೆ. ನನ್ನ ನಿಜವಾದ ಶಿಫಾರಸು ಚೌಕಾಬಾರ. ನಾಲ್ಕು ಒಡೆದ ಹುಣಸೆ ಬೀಜ, ಇಪ್ಪತ್ತೈದು ಮನೆ, ನಾಲ್ಕು ಮಂದಿ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಇಷ್ಟೇ ಸಾಕು. ಹೊರಗಿನ ಸುತ್ತು ತಿರುಗಿ, ಒಳಗಿನ ಸುತ್ತಿಗೆ ಇಳಿದು, ನಡುವಿನ ಮನೆ ಮುಟ್ಟಿದರೆ ಕಾಯಿ ಹಣ್ಣಾಯಿತು. ಬೇರೆಯವರ ಕಾಯಿ ನಿಂತ ಮನೆಗೆ ನಿಮ್ಮ ಕಾಯಿ ಸರಿಯಾಗಿ ಹೋಗಿ ಬಿದ್ದರೆ ಅವರದು ಹೊಡೆದಂತೆ, ಮೊದಲಿನಿಂದ ಬರಬೇಕು. ಎಲ್ಲಕ್ಕಿಂತ ದೊಡ್ಡ ಕಾಯ್ದೆ ಏನೆಂದರೆ, ಯಾರದಾದರೂ ಒಂದು ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಹೊಡೆಯದವರು ಹೊರಗೇ ತಿರುಗುತ್ತಿರಬೇಕು. ಇದು ನನ್ನ ತವರು ಗೊಬ್ಬೂರದಲ್ಲಿ ನಮ್ಮವ್ವ ಕಲಿಸಿದ ಕಾಯ್ದೆ, ಇದರಲ್ಲಿ ಹೆಚ್ಚುಕಡಿಮೆ ಇಲ್ಲ. ಮನೆಗೆ ಹಾಸುಗಲ್ಲು ಹಾಕಿಸುವಾಗ ಪಡಸಾಲೆಯ ನಡುವಿನ ಕಲ್ಲಿನ ಮೇಲೆ ಈ ಇಪ್ಪತ್ತೈದು ಮನೆಗಳನ್ನು ಉಳಿಯಿಂದ ಕೆತ್ತಿಸಿದೆ. ಗೌಂಡಿ, "ಮಂದಿ ದೇವರ ಹೆಸರ ಕೆತ್ತಸ್ತಾರ, ನಿಂದೇನ್ ಹುಚ್ಚ ಬೇ ಆಯಿ?" ಎಂದ. "ದೇವರ ಸಂಗಟ ಆಡಾಕ ಬರ್ತದೇನಲೇ?" ಎಂದೆ. ನಗುತ್ತ ಉಳಿ ಎತ್ತಿಕೊಂಡ. ನಮ್ಮ ಮನೆಯವರು ಬದುಕಿದ್ದಷ್ಟು ದಿನ ನನ್ನ ಜೊತೆ ಆಡಿದರು, ಒಮ್ಮೆಯೂ ಗೆಲ್ಲಲಿಲ್ಲ. ಒಳ್ಳೆಯ ಮನುಷ್ಯ, ಆಟ ಬರುತ್ತಿರಲಿಲ್ಲ.

ಈ ಕಲ್ಲಿನ ಮುಂದೆಯೇ ಬೆಳೆದವಳು ನನ್ನ ಕಿರಿಯ ಮಗಳು ನಿರ್ಮಲಾ. ಅವಳು ಬಸ್ಸಿನಲ್ಲಿ ಕಂಡಕ್ಟರ್. ಬಾಯಿ ತುಂಬಾ ಹೇಳುತ್ತೇನೆ, ಕಂಡಕ್ಟರ್. ಎಪ್ಪತ್ತು ಮಂದಿ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಅವಳು ಬರುವಾಗ ಜನ ತಾವಾಗಿಯೇ ಜಾಗ ಬಿಡುತ್ತಾರೆ. ಒಮ್ಮೆ ಒಬ್ಬ ಕುಡಿದು ಹತ್ತಿ ಗದ್ದಲ ಮಾಡುತ್ತಿದ್ದ. ನಾನು ಅದೇ ಬಸ್ಸಿನಲ್ಲಿದ್ದೆ. ನಾನಾಗಿದ್ದರೆ ಅವನ ವಂಶವನ್ನೆಲ್ಲ ಎಣಿಸುತ್ತಿದ್ದೆ. ನಿರ್ಮಲಾ ಬೈಯಲಿಲ್ಲ, ಮುಟ್ಟಲಿಲ್ಲ. ಮುಂದಿನ ಸ್ಟಾಪಿನಲ್ಲಿ ಅವನ ಚೀಲ ಎತ್ತಿ ಮೆಲ್ಲಗೆ ಬಸ್ಸಿನಿಂದ ಕೆಳಗೆ ಇಟ್ಟಳು. ಅವನು ಚೀಲದ ಹಿಂದೆಯೇ ಇಳಿದುಹೋದ. ಇಂಥ ಬುದ್ಧಿ ಶಾಲೆಯಲ್ಲಿ ಸಿಗುವುದಿಲ್ಲ, ಚೌಕಾಬಾರದಿಂದಲೇ ಬಂದದ್ದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳು ಮಾತ್ರ, "ಯವ್ವಾ, ಟ್ರೈನಿಂಗ್ ಅಂತ ಒಂದ ಇರ್ತೈತಿ" ಅನ್ನುತ್ತಾಳೆ.

ಇಂಥವಳಿಗೆ ಇಪ್ಪತ್ತೊಂಬತ್ತಾದರೂ ಲಗ್ನ ಕೂಡಿರಲಿಲ್ಲ. ಮೂರು ಕಡೆಯವರು ಬಂದುಹೋಗಿದ್ದರು. ಇಬ್ಬರು ನೌಕರಿ ಬಿಡಬೇಕೆಂದರು. ಮೂರನೆಯವನ ಅವ್ವ, "ಮನ್ಯಾಗೂ ಸೀಟಿ ಊದತಾಳೇನ್ರಿ?" ಎಂದು ಕೇಳಿದಳು. ಆ ಮೂವರನ್ನೂ ನಾನು ಕಲ್ಲಿನ ಮುಂದೆ ಕೂರಿಸಿ ಆಡಿಸಿಯೇ ಕಳಿಸಿದ್ದೆ. ಜಾತಕ ನೋಡಿದರೆ ಹುಟ್ಟಿದ ಗಳಿಗೆ ತಿಳಿಯುತ್ತದೆ, ಚೌಕಾಬಾರ ಆಡಿಸಿದರೆ ಮನುಷ್ಯ ತಿಳಿಯುತ್ತಾನೆ. ಒಬ್ಬ ಮನೆ ಎಣಿಸುವಾಗ ಮೂರಾದ ಮೇಲೆ ಐದು ಎಂದ. ಅವನಿಗೆ ನಾನೇ ಬೇಡ ಎಂದೆ. ನಾಲ್ಕನೆಯದಾಗಿ ಜೇವರ್ಗಿಯ ಕಡೆಯಿಂದ ಒಂದು ಮಾತು ಬಂತು. ಹುಡುಗ ಮಲ್ಲಿಕಾರ್ಜುನ, ದನದ ಆಸ್ಪತ್ರೆಯಲ್ಲಿ ಕೆಲಸ. ಹುಡುಗಿ ನೌಕರಿ ಮಾಡಲಿ ಎಂದು ಅವನೇ ಫೋನಿನಲ್ಲಿ ಹೇಳಿದ್ದ. ಅವನ ಫೋಟೋ ನೋಡಿ ನಿರ್ಮಲಾ ಏನೂ ಅನ್ನಲಿಲ್ಲ. ಅದೇ ವಿಶೇಷ, ಹಿಂದಿನ ಮೂರು ಫೋಟೋ ನೋಡಿ ಅವಳು ಏನೇನು ಅಂದಿದ್ದಳೆಂದು ಇಲ್ಲಿ ಬರೆಯಲಾರೆ. ಅವರು ಬರುವ ಭಾನುವಾರ ಮುಂಜಾನೆ ಸೀರೆಗೆ ಇಸ್ತ್ರಿ ಮಾಡುತ್ತ, "ಯವ್ವಾ, ನಿನ್ನ ಕಾಲಿಗಿ ಬೀಳ್ತೇನಿ, ಈ ಸಲ ಆಟ ಬ್ಯಾಡ. ಚಹಾ ಕೊಟ್ಟು ಮಾತಾಡಿ ಕಳಸೋಣು" ಎಂದಳು. ಮಗಳು ಎಂದೂ ಏನನ್ನೂ ಬೇಡಿದವಳಲ್ಲ. ಆಗಲಿ ಎಂದೆ.

ನಾನು ಮಾತು ತಪ್ಪಲಿಲ್ಲ. ಹುಡುಗ, ಅವನ ಅವ್ವ ಕಸ್ತೂರಬಾಯಿ, ಇಬ್ಬರೇ ಬಂದರು. ಕಸ್ತೂರಬಾಯಿ ಹೊಸ್ತಿಲು ದಾಟಿದವಳೇ ಕಲ್ಲು ನೋಡಿ, "ಅಯ್ಯ, ಚೌಕಾಬಾರಾ! ಕಲ್ಲಿನ್ಯಾಗೇ ಕೆತ್ತಿಸೀರಲ್ರಿ!" ಎಂದು ಸೀರೆ ಸಾವರಿಸಿ ಅದರ ಮುಂದೆ ಕೂತೇ ಬಿಟ್ಟಳು. ನಾನು ಕರೆಯಲಿಲ್ಲ. ನಿರ್ಮಲಾ ಇವತ್ತಿಗೂ ಇದನ್ನು ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಮಾಡಿದ್ದೆಂದರೆ ಸೆರಗಿನ ಗಂಟು ಬಿಚ್ಚಿ ಹುಣಸೆ ಬೀಜ ತೆಗೆದದ್ದು ಅಷ್ಟೇ. ಅವು ಯಾವಾಗಲೂ ಅಲ್ಲಿಯೇ ಇರುತ್ತವೆ.

ನಾಲ್ವರೂ ಕೂತೆವು. ಕಸ್ತೂರಬಾಯಿಗೆ ತೊಗರಿ ಕಾಳು, ನನಗೆ ಬಳೆಚೂರು, ಹುಡುಗನಿಗೆ ಕಡಲೆ. ನಿರ್ಮಲಾಳ ಕಾಯಿ ಯಾವಾಗಲೂ ಹಳೆಯ ಟಿಕೆಟ್ಟುಗಳನ್ನು ಮುದುಡಿ ಮಾಡಿದ ಉಂಡೆ. ಆಟ ಚೆನ್ನಾಗಿಯೇ ನಡೆದಿತ್ತು. ಹುಡುಗ ಸರಿಯಾಗಿ ಎಣಿಸುತ್ತಿದ್ದ, ಸೋತರೆ ನಗುತ್ತಿದ್ದ. ನನಗೆ ಹಿಡಿಸಿದ. ಆಗ ಕಸ್ತೂರಬಾಯಿಯ ಒಂದು ತೊಗರಿ ಕಾಳು ಹೊರಗಿನ ಸುತ್ತು ಮುಗಿಸಿತು. ಅವಳು ಅದನ್ನು ಎತ್ತಿ ಒಳಗಿನ ಸುತ್ತಿಗೆ ಇಡಲು ಹೋದಳು. ನಾನು ಅವಳ ಮುಂಗೈ ಹಿಡಿದೆ.

"ಎಲ್ಲಿಗಿ ಹೊಂಟ್ರಿ?"

"ಒಳಗ್ರಿ."

"ಯಾರನ್ನರ ಹೊಡದೀರಿ?"

"ಇಲ್ಲ. ಯಾಕ ಹೊಡೀಬೇಕು?"

"ಹೊಡೀಲಾರ್ದ ಒಳಗ ಬಿಡಂಗಿಲ್ಲ."

"ನಮ್ಮ ಜೇವರ್ಗಿ ಕಡಿ ಹಂಗಿಲ್ರಿ. ಪಾಪ, ಒಂದ ಸುತ್ತ ತಿರಗಿ ದಣದು ಬಂದಾರಂದ್ರ ಒಳಗ ಬಾ ಅಂತೀವಿ."

"ನಿಮ್ಮ ಕಡಿ ಮನಿಗೋಳಿಗಿ ಬಾಗಲಾ ಇರಂಗಿಲ್ಲೇನು?"

ಈ ಮಾತು ಆಡಬಾರದಿತ್ತು. ಆದರೆ ಆಡಿದ್ದಾಯಿತು. ಕಸ್ತೂರಬಾಯಿಯ ಮೂಗು ಕೆಂಪಾಯಿತು. "ನಾವು ಬೀಗತನಾ ಮಾಡಾಕ ಬಂದೀವ್ರಿ, ಬಡದಾಡಾಕ ಅಲ್ಲ" ಎಂದಳು. ಹುಡುಗ ಮೆಲ್ಲಗೆ, "ಅವ್ವಾ, ಅವರ ಮನಿ, ಅವರ ಕಾಯ್ದಾ" ಎಂದ. "ನೀ ಸುಮ್ಮ ಕೂಡು. ಈಗೇ ಅವರ ಕಡಿ ಆದೇನು?" ಎಂದು ಅವನ ಮೇಲೆ ಹರಿಹಾಯ್ದಳು. ಅಷ್ಟರಲ್ಲಿ ಗೌರಿ ಒಗ್ಗರಣೆ ಹಾಕಿದ ಚುರುಮುರಿಯ ತಾಟು ಹಿಡಿದು ಬಂದು, "ಅತ್ತಿ, ಸುಸಲಾ ಮೆತ್ತಗಾಗಾಕತ್ತೈತಿ" ಎಂದಳು. "ಆಗ್ಲಿ" ಎಂದೆ. ಕೈ ಬಿಡಲಿಲ್ಲ.

ಕಸ್ತೂರಬಾಯಿ ತಾನೇ ಕೈ ಬಿಡಿಸಿಕೊಂಡು ಕಾಳನ್ನು ಇದ್ದಲ್ಲಿಯೇ ಕುಕ್ಕಿದಳು. "ಈ ಗರ ಬಿಟ್ಟೆ. ಮಲ್ಲು, ಇದೊಂದ ಆಟ ಮುಗೀಲಿ, ಹನ್ನೆರಡರ ಬಸ್ಸಿಗಿ ಹೋಗೋಣು" ಎಂದಳು. ಚಹಾ ಇಲ್ಲ, ಸುಸಲಾ ಇಲ್ಲ, ಹನ್ನೆರಡರ ಬಸ್ಸು. ಇದರ ಅರ್ಥ ಎಲ್ಲರಿಗೂ ತಿಳಿಯಿತು. ನಿರ್ಮಲಾ ತಲೆ ಎತ್ತದೆ, "ಹನ್ನೆರಡಕ್ಕ ಬಸ್ಸಿಲ್ರಿ. ಒಂದೂವರಿಗಿ ಐತಿ" ಎಂದಳು. ಆಮೇಲೆ ನನ್ನನ್ನು ನೋಡಿದಳು. ಟಿಕೆಟ್ ತೆಗೆಯದವರನ್ನು ಅವಳು ಹಾಗೆ ನೋಡುತ್ತಾಳೆ.

ನಾನೂ ಹುಡುಗನೂ ನಮ್ಮ ನಮ್ಮ ಗರ ಹಾಕಿ ಏನೋ ಒಂದು ನಡೆಸಿದೆವು. ನನ್ನ ಕಾಯ್ದೆ ಸರಿ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಎದೆಯೊಳಗೆ ಯಾರೋ ಹುಣಸೆ ಬೀಜ ಉಜ್ಜಿದಂತೆ ಆಗುತ್ತಿತ್ತು. ನಿರ್ಮಲಾಳ ಸರದಿ ಬಂತು. ಅವಳಿಗೆ ಮೂರು ಬಿತ್ತು. ಅವಳ ಒಂದು ಉಂಡೆ ಕಟ್ಟೆಯ ಮನೆಯಲ್ಲಿ, ಯಾರೂ ಹೊಡೆಯಲಾರದ ಜಾಗದಲ್ಲಿ, ಬೆಚ್ಚಗೆ ಕೂತಿತ್ತು. ಅದನ್ನು ಎತ್ತಿ, ಮೂರು ಮನೆ ನಡೆಸಿ, ಕಸ್ತೂರಬಾಯಿಯ ಕಾಳಿಗಿಂತ ಸರಿಯಾಗಿ ಎರಡು ಮನೆ ಮುಂದೆ, ಬಯಲಿನಲ್ಲಿ ಇಟ್ಟಳು. ಹಾಗೆ ಯಾರೂ ಆಡುವುದಿಲ್ಲ. ನಾನು, "ಏ ಹುಚ್ಚಿ" ಎಂದೆ. ಅವಳು ನನ್ನ ಕಡೆ ನೋಡಲಿಲ್ಲ.

"ಎರಡ ಹಾಕ್ರಿ ಅತ್ತಿ. ನನ್ನ ಹೊಡದು ಒಳಗ ಬರ್ರಿ. ನಮ್ಮವ್ವನ ಕಾಯ್ದಾನೂ ಮುರಿಯಂಗಿಲ್ಲ, ನೀವೂ ಹೊರಗ ನಿಂದ್ರಂಗಿಲ್ಲ."

ಅತ್ತಿ ಎಂದಳು! ಇನ್ನೂ ಚಹಾ ಕುಡಿದಿರಲಿಲ್ಲ. ಕಸ್ತೂರಬಾಯಿ ಬೀಜಗಳನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿದಳು. ಹಾಕಿದಳು. ಎರಡು ಕರಿ, ಎರಡು ಬಿಳಿ. ಎರಡೇ. ಗೌರಿಯ ಕೈಯಲ್ಲಿ ತಾಟು ವಾಲಿ ಒಂದಿಷ್ಟು ಸುಸಲಾ ನೆಲಕ್ಕೆ ಉದುರಿತು, ಯಾರೂ ನೋಡಲಿಲ್ಲ. ಕಸ್ತೂರಬಾಯಿ ಆ ಕಾಳಿನ ಮೇಲೆ ಬೆರಳಿಟ್ಟಳು. ಟಿಕೆಟ್ಟಿನ ಉಂಡೆ ನೋಡಿದಳು. ಬೆರಳು ತೆಗೆದಳು.

"ಇಲ್ಲವಾ. ಮನಿ ತುಂಬಸ್ಕೊಳ್ಳೋ ಹುಡಗೀನ್ನ ಹೊಡದು ನಾ ಯಾವ ಒಳಗ ಹೋಗ್ಲಿ? ಹೊರಗೇ ಇನ್ನೊಂದ ಸುತ್ತ ತಿರಗ್ತೇನಿ, ನನ್ನ ಕಾಲೇನು ಬಿದ್ದಾವು?" ಎಂದು ತನ್ನ ಬೇರೆ ಕಾಳೊಂದನ್ನು ಎರಡು ಮನೆ ನಡೆಸಿದಳು.

ನನಗೆ ಬಸ್ಸಿನ ಚೀಲ ನೆನಪಾಯಿತು. ಬೈಯದೆ, ಮುಟ್ಟದೆ, ಚೀಲ ಎತ್ತಿ ಇಟ್ಟಂತೆ ಒಂದು ಕಾಗದದ ಉಂಡೆ ಎತ್ತಿ ಇಟ್ಟು ನನ್ನ ಮಗಳು ಇಬ್ಬರು ಮುದುಕಿಯರನ್ನು ಜಗಳದಿಂದ ಕೆಳಗಿಳಿಸಿದ್ದಳು. ಹೆಮ್ಮೆಯಿಂದ ನನ್ನ ಎದೆ ಉಬ್ಬಿ ಕುಪ್ಪಸ ಬಿಗಿಯಾಯಿತು. ಹುಡುಗ ನಿರ್ಮಲಾಳನ್ನು ನೋಡುತ್ತಿದ್ದ ರೀತಿ ನೋಡಿದರೆ ಇನ್ನು ಜಾತಕದ ಮಾತೇ ಬೇಡವಾಗಿತ್ತು. ಎಲ್ಲರ ಕಣ್ಣಿನಲ್ಲೂ ಸ್ವಲ್ಪ ನೀರು. ಸರದಿ ನನ್ನದು. ಹಾಕಿದೆ. ಮೂರು ಬಿತ್ತು. ಕಸ್ತೂರಬಾಯಿ ಈಗಷ್ಟೇ ಪ್ರೀತಿಯಿಂದ ನಡೆಸಿದ ಆ ಕಾಳು ನನ್ನ ಬಳೆಚೂರಿಗಿಂತ ಸರಿಯಾಗಿ ಮೂರು ಮನೆ ಮುಂದೆ ಇತ್ತು.

ನನ್ನ ಹತ್ತಿರ ನಡೆಸಲು ಬೇರೆ ಕಾಯಿ ಇದ್ದವು. ಸುಳ್ಳು ಹೇಳಲಾರೆ, ಮೂರು ಇದ್ದವು.

ಹೊಡೆದೆ.

"ಯವ್ವಾ!" ಎಂದು ನಿರ್ಮಲಾ ಹಣೆ ಹಿಡಿದುಕೊಂಡಳು. ಕಸ್ತೂರಬಾಯಿ ಕಲ್ಲು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಬಳೆಗಳು ಗಲಗಲ ಅನ್ನುವಂತೆ ನಕ್ಕು, ಕಣ್ಣು ಒರೆಸಿಕೊಳ್ಳುತ್ತ, "ಏ ಮಲ್ಲು, ಈ ಹುಡಗೀನ್ನ ಕಣ್ಣ ಮುಚ್ಚಿ ಮಾಡ್ಕೊ. ಆದ್ರ ಈ ಆಯೀ ಸಂಗಟ ಸಾಯೂತನಕ ಆಟಕ್ಕ ಕೂಡಬ್ಯಾಡ" ಎಂದಳು. ಮೆತ್ತಗಾದ ಸುಸಲಾವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಆ ಆಟ ನಾನೇ ಗೆದ್ದೆ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳಬೇಕಾಗುತ್ತದೆ.

ಲಗ್ನವಾಯಿತು. ನಿರ್ಮಲಾ ಈಗ ಜೇವರ್ಗಿಯ ಬಸ್ಸಿನಲ್ಲಿ ಸೀಟಿ ಊದುತ್ತಾಳೆ. ಕಸ್ತೂರಬಾಯಿ ನಮ್ಮ ಗೌಂಡಿಯನ್ನೇ ಕರೆಸಿ ತನ್ನ ಪಡಸಾಲೆಯಲ್ಲೂ ಇಪ್ಪತ್ತೈದು ಮನೆ ಕೆತ್ತಿಸಿದ್ದಾಳೆ. ನನ್ನ ಶಿಫಾರಸು ಎರಡು ತಾಲ್ಲೂಕು ದಾಟಿ ಕಲ್ಲಿನ ಮೇಲೆ ಬಿದ್ದಿದೆ, ಯಾವ ದೊಡ್ಡ ಮನುಷ್ಯರ ಮಾತು ಹಾಗೆ ಬಿದ್ದಿದೆ ಹೇಳಿರಿ. ಆದರೆ ಅಲ್ಲಿ ಅವರ ಕಾಯ್ದೆ. ಹೊಡೆಯದೆಯೇ ಒಳಗೆ ಹೋಗಬಹುದು. ನಾನು ಹೋದಾಗಲೆಲ್ಲ ಆಡುತ್ತೇನೆ, ಹೋದಾಗಲೆಲ್ಲ ಸೋಲುತ್ತೇನೆ. ಅರವತ್ತು ವರ್ಷದ ರೂಢಿ ಬಿಡುವುದಿಲ್ಲ. ಅವರೆಲ್ಲ ಸೀದಾ ಒಳಗೆ ನಡೆದು, ಕಾಯಿ ಹಣ್ಣು ಮಾಡಿಕೊಂಡು, ಗೋಡೆಗೆ ಒರಗಿ ಚಹಾ ಕುಡಿಯುತ್ತಿರುತ್ತಾರೆ. ನಾನೊಬ್ಬಳೇ ಹೊಡೆಯಲು ಯಾರಾದರೂ ಸಿಗುತ್ತಾರೇನೋ ಎಂದು ಹೊರಗಿನ ಸುತ್ತಿನಲ್ಲಿ ತಿರುಗುತ್ತಿರುತ್ತೇನೆ.

"ಯವ್ವಾ, ಸಾಕ ಒಳಗ ಬಾ. ಇಲ್ಲಿ ಯಾರನ್ನೂ ಹೊಡೀಬೇಕಾಗಿಲ್ಲ" ಎಂದು ನಿರ್ಮಲಾ ಕರೆಯುತ್ತಾಳೆ.

"ಬರ್ತೇನಿ ತಡಿ ಬೇ" ಅನ್ನುತ್ತೇನೆ. "ಒಬ್ಬರನ್ನರ ಹೊಡದು ಬರ್ತೇನಿ."