ಹನ್ನೆರಡು ನಿಮಿಷದ ಮಾಮಾ

ನಮ್ಮ ಧರ್ಮಕೇಂದ್ರದಲ್ಲಿ ಯಾರೂ ಸುಮ್ಮಸುಮ್ಮನೆ ಕಾಯಿಲೆ ಬೀಳುವುದಿಲ್ಲ. ಬೀಳುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನೆಗಡಿಯಾದವರು ಚರ್ಚಿನಲ್ಲಿ ಸೀನು ತಡೆದುಕೊಂಡು ಕೂರುತ್ತಾರೆ. ಮಂಡಿನೋವಿನವರು ನಮ್ಮ ಮಾಮಾನನ್ನು ಕಂಡರೆ ಸಾಕು, ನೋವೆಲ್ಲ ಮರೆತು ದಡದಡ ಮೆಟ್ಟಿಲು ಹತ್ತುತ್ತಾರೆ. ಯಾವ ಡಾಕ್ಟರೂ ಕೊಡಲಾರದ ಆರೋಗ್ಯವನ್ನು ನಮ್ಮ ಜನಕ್ಕೆ ಕೊಟ್ಟವನು ನಮ್ಮ ಮಾಮಾ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಒಂದು ಭಾನುವಾರ ಕೇಶ್ವಾಪುರಕ್ಕೆ ಬಂದು ಅವನ ಎದುರು ಕೆಮ್ಮಿ ನೋಡಿ!

ಮಾಮಾ ನನ್ನ ತಾಯಿಯ ಅಣ್ಣ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತನಾದವನು. ನಿವೃತ್ತಿ ಎಂಬುದು ರೈಲ್ವೆಯವರ ಅಭಿಪ್ರಾಯ, ಮಾಮಾನದಲ್ಲ. ಕೊನೆಯ ದಿನ ಬಾವುಟಗಳನ್ನೂ ದೀಪವನ್ನೂ ಒಪ್ಪಿಸಿ ಬಂದವನು ಸೀಟಿಯನ್ನು ಮಾತ್ರ ಕೊರಳಲ್ಲೇ ಉಳಿಸಿಕೊಂಡು ಬಂದ. ಈಗಲೂ ಅವನ ಕೊರಳಲ್ಲಿ ಒಂದು ಶಿಲುಬೆ, ಪಕ್ಕದಲ್ಲಿ ಒಂದು ಸೀಟಿ. ಯಾವುದನ್ನು ಹೆಚ್ಚು ಸಲ ತುಟಿಗೆ ಮುಟ್ಟಿಸುತ್ತಾನೆ ಎಂಬುದನ್ನು ನಾನು ಹೇಳುವುದಿಲ್ಲ.

ಅವನಿಗೆ ಸಹಿಸಲಾಗದ ಶಬ್ದ ಒಂದೇ, 'ಲೇಟ್'. ಅಷ್ಟು ವರ್ಷದ ನೌಕರಿಯಲ್ಲಿ ಅವನ ಗಾಡಿ ಲೇಟ್ ಆಗಿದ್ದೇ ಇಲ್ಲವಂತೆ. ಹಾಗಾದರೆ ಮೂರು ತಾಸು ಬಿಟ್ಟು ಬಂದದ್ದು? "ಲೇಟ್ ಅಲ್ಲ, ಸಿಗ್ನಲ್ ಸಿಕ್ಕಿದ್ದಿಲ್ಲ." ತನ್ನ ಮದುವೆಗೇ ಒಂದು ತಾಸು ತಡವಾಗಿ ಬಂದು, ಚರ್ಚಿನ ಬಾಗಿಲಲ್ಲಿ ಬೆವರುತ್ತ ನಿಂತಿದ್ದ ಹೆಣ್ಣಿನ ತಂದೆಗೂ ಇದೇ ಉತ್ತರ ಕೊಟ್ಟನೆಂದು ನನ್ನ ತಾಯಿ ಇಂದಿಗೂ ಹೇಳಿಕೊಂಡು ನಗುತ್ತಾಳೆ.

ಇಂಥವನಿಗೆ ಹಿಂದಿನ ಫಾದರ್ 'ರೋಗಿ ಭೇಟಿ'ಯ ಸೇವೆ ವಹಿಸಿದರು. ನಮ್ಮ ಚರ್ಚಿನಲ್ಲಿ ಅಕ್ಕಿ ಹಂಚುವ ತಂಡವಿದೆ, ಹಾಡುವ ತಂಡವಿದೆ, ಹೂ ಜೋಡಿಸುವ ತಂಡವಿದೆ. ಹಾಸಿಗೆ ಹಿಡಿದವರಿಗೆ ತಿಂಗಳಿಗೊಮ್ಮೆ ಪರಮಪ್ರಸಾದ ಕೊಡಲು ಫಾದರ್ ಹೋಗುತ್ತಾರೆ. ನಡುವಿನ ಭಾನುವಾರಗಳಲ್ಲಿ ಹೋಗಿ ಮಾತಾಡಿಸಿ, ಪ್ರಾರ್ಥನೆ ಹೇಳಿ ಬರುವುದು ರೋಗಿ ಭೇಟಿ ತಂಡದ ಕೆಲಸ. ತಂಡದಲ್ಲಿ ಇಬ್ಬರು. ಒಬ್ಬ ಮಾಮಾ, ಇನ್ನೊಬ್ಬಳು ನಾನು. ನಾನು ಶಾಲಾ ಶಿಕ್ಷಕಿ, ಸೇವೆಗೆ ನನಗಿದ್ದ ಅರ್ಹತೆ ಎಂದರೆ ಒಂದು ಸ್ಕೂಟರು. ನನ್ನನ್ನು ಯಾರೂ ಕೇಳಲಿಲ್ಲ. "ಏ ನಮ್ಮವ್ವ, ಐತವಾರ ನಾಕಕ್ಕ ಗಾಡಿ ಪೆಟ್ರೋಲ್ ಹಾಕ್ಸಿಕೊಂಡು ರೆಡಿ ಇರ್ಬೇಕು," ಎಂದ ಮಾಮಾ, ಅಷ್ಟೇ.

ಮೊದಲ ವಾರವೇ ಚರ್ಚಿನ ಸೂಚನಾ ಫಲಕದಲ್ಲಿ ವೇಳಾಪಟ್ಟಿ ಬಿತ್ತು. ಮೊದಲ ಮನೆ, ಆಗಮನ ನಾಲ್ಕು ಹತ್ತು, ನಿರ್ಗಮನ ನಾಲ್ಕು ಇಪ್ಪತ್ತೆರಡು. ಎರಡನೆಯ ಮನೆ, ಆಗಮನ ನಾಲ್ಕು ಮೂವತ್ತು. ಪ್ರತಿ ರೋಗಿಗೂ ಹನ್ನೆರಡೇ ನಿಮಿಷ. ಚಪ್ಪಲಿ ಬಿಟ್ಟು ಕೂರಲು ಒಂದು, "ಹೆಂಗದೀರಿ" ಎಂದು ಕೇಳಲು ನಾಲ್ಕು, ಪರಲೋಕ ಮಂತ್ರವೂ ನಮೋ ಮರಿಯವೂ ಸೇರಿ ಪ್ರಾರ್ಥನೆಗೆ ನಾಲ್ಕು, ಚಹಾಕ್ಕೆ ಎರಡು, ಏಳಲು ಒಂದು. ಅವಲಕ್ಕಿ, ಉಪ್ಪಿಟ್ಟು ನಿಷಿದ್ಧ. ಅಗಿಯಲು ಸಮಯ ಬೇಕಲ್ಲ! ಹನ್ನೆರಡು ಮುಗಿಯಿತೋ, ರೋಗಿ ಯಾವ ಅಕ್ಷರದ ಮೇಲಿದ್ದರೂ ಸರಿ, ಮಾಮಾ ಎದ್ದು ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದ.

"ಮಾಮಾ, ರೋಗಿಗಳ ಮನ್ಯಾಗ ಸೀಟಿ ಯಾಕ?" ಎಂದು ಕೇಳಿದ್ದೆ.

"ಸೀಟಿ ಇಲ್ದ ಗಾಡಿ ಬಿಟ್ಟದ್ದು ಎಲ್ಲ್ಯರ ನೋಡೀಯೇನು?"

ಸ್ಕೂಟರಿನ ಮೇಲೂ ಅದೇ ಕಾನೂನು. "ಇಂಜಿನ್ ಮುಂದ, ಗಾರ್ಡ್ ಹಿಂದ," ಎಂದು ನನ್ನ ಬೆನ್ನ ಹಿಂದೆ ನೆಟ್ಟಗೆ ಕೂರುತ್ತಿದ್ದ. ಅವನು ಊದದೆ ನಾನು ಹೊರಡುವಂತಿಲ್ಲ. ಒಮ್ಮೆ ದೇಶಪಾಂಡೆ ನಗರದ ಹತ್ತಿರ ಪೊಲೀಸನೊಬ್ಬ ಕೈ ಅಡ್ಡ ಹಿಡಿದು ನಮ್ಮ ಸಾಲನ್ನು ನಿಲ್ಲಿಸಿದ್ದ. ಮಾಮಾ ಗಡಿಯಾರ ನೋಡಿದ. ಮುಂದಿನ ಮನೆಗೆ ಎರಡೇ ನಿಮಿಷ ಉಳಿದಿತ್ತು. ನನ್ನ ಕಿವಿಯ ಹಿಂದೆ ಉದ್ದನೆಯ ಸೀಟಿ ಕೇಳಿತು. ಪೊಲೀಸನದೇ ಇರಬೇಕೆಂದು ತಿಳಿದು ನಾಲ್ಕು ಆಟೋ, ಒಂದು ಟೆಂಪೊ, ಬಾಳೆಹಣ್ಣಿನ ಒಂದು ಗಾಡಿ ಒಟ್ಟಿಗೇ ಹೊರಟುಬಿಟ್ಟವು. ಎದುರಿನಿಂದ ಬರುತ್ತಿದ್ದವರೂ ನಿಲ್ಲಲಿಲ್ಲ. ನಡುರಸ್ತೆಯಲ್ಲಿ ಜಾತ್ರೆಯೇ ಆಯಿತು.

ಪೊಲೀಸ ಓಡಿ ಬಂದ. "ಯಾರ್ರೀ ಸೀಟಿ ಹೊಡದವ್ರು?"

"ನಾನ ಹೊಡದೇನ್ರಿ," ಎಂದ ಮಾಮಾ, ಕಿಂಚಿತ್ತೂ ಅಳುಕಿಲ್ಲದೆ. "ನಿಮ್ಮ ಸೀಟಿ ದನಿ ಭಾಳ ಸಣ್ಣದೈತ್ರಿ. ಒಳಗಿನ ಗೋಲಿ ಸವದಿರಬೇಕು, ನೋಡ್ಕೋರಿ."

ಪೊಲೀಸ ಬೈಯಲು ತೆರೆದ ಬಾಯನ್ನು ಹಾಗೇ ಬಿಟ್ಟು, ತನ್ನ ಸೀಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ಅಷ್ಟರಲ್ಲಿ ನಾನು ಸ್ಕೂಟರು ಓಡಿಸಿಬಿಟ್ಟೆ. ನನ್ನ ಸೇವಾ ಜೀವನದಲ್ಲಿ ಸೀಟಿಯಿಲ್ಲದೆ ಹೊರಟದ್ದು ಅದೊಂದೇ ಸಲ.

ನಮ್ಮ ಪಟ್ಟಿಯ ಕೊನೆಯ ಮನೆ ರೋಜಾ ಬಾಯಿಯದು. ಲಕ್ವಾ ಹೊಡೆದು ಮೂರು ವರ್ಷದಿಂದ ಹಾಸಿಗೆಯ ಮೇಲಿದ್ದರೂ ನಾಲಿಗೆಗೆ ಏನೂ ಆಗಿರಲಿಲ್ಲ. ತಂಗಿಯ ಮದುವೆಯಲ್ಲಿ ಬೀಗರ ಊಟಕ್ಕೆಂದು ಮಾಡಿಟ್ಟ ಮಟನ್ನಿನ ಹಂಡೆ ಕಾಣೆಯಾದ ಕಥೆಯನ್ನು ಆಕೆ ಶುರುಮಾಡಿದ್ದಳು. ಆಕೆಯ ಪಾಲಿಗೆ ಬಂದದ್ದು ವಾರಕ್ಕೆ ನಾಲ್ಕೇ ನಿಮಿಷ. "ಹಿತ್ತಲ ಬಾಗಲಾ ತಗದು ನೋಡ್ತೇನಿ..." ಎನ್ನುವಾಗ ಗಡಿಯಾರ ಪ್ರಾರ್ಥನೆಗೆ ಬಂದುಬಿಡುತ್ತಿತ್ತು. ಮುಂದಿನ ಭಾನುವಾರ ನಾವು ಕೂರುವುದೇ ತಡ, "...ಒಂದು ನರಪಿಳ್ಳೆ ಇಲ್ಲ," ಎಂದು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು. ಐದು ವಾರವಾದರೂ ಹಂಡೆ ಸಿಗಲಿಲ್ಲ.

ಬರುವಾಗ ಮಾಮಾ ಹಿಂದಿನಿಂದ ಕೇಳುತ್ತಿದ್ದ. "ಹಂಡೆ ಯಾರು ಒಯ್ದಿರಬೇಕು ಅಂತಿ?"

"ಇನ್ನೊಂದು ನಿಮಿಷ ಕುಂತಿದ್ರ ಗೊತ್ತಾಗ್ತಿತ್ತು ಮಾಮಾ."

"ಒಂದು ನಿಮಿಷ ಅಂತ ಬಿಡಾಕತ್ತಿದ್ರ ಇಲ್ಲಿಂದ ಬಿಟ್ಟ ಗಾಡಿ ಧಾರವಾಡ ಮುಟ್ಟೂದು ಮರುದಿನ," ಎಂದು ಹೇಳಿ ಸುಮ್ಮನಾಗುತ್ತಿದ್ದ. ಮನೆ ಬರುವ ಹೊತ್ತಿಗೆ ಮತ್ತೆ ಅವನೇ, "ಬೀಗರ ಪೈಕಿ ಯಾರೋ ಇರ್ಬೇಕು," ಎನ್ನುತ್ತಿದ್ದ.

ಹೀಗೆ ಸುಖವಾಗಿ ಓಡುತ್ತಿದ್ದ ಗಾಡಿ ಹಳಿ ತಪ್ಪಿದ್ದು ಚರ್ಚಿನ ಒಳಗೆ. ಹೊಸ ಫಾದರ್ ಬಂದಿದ್ದರು. ವಯಸ್ಸು ಚಿಕ್ಕದು, ಓದು ದೊಡ್ಡದು, ಪ್ರಬೋಧನೆ ಅದಕ್ಕಿಂತ ದೊಡ್ಡದು. ಮೇ ತಿಂಗಳ ಸೆಕೆಯಲ್ಲಿ ಒಂದು ಭಾನುವಾರ ಅವರು ಬೈಬಲ್ಲಿನ ತಪ್ಪಿಹೋದ ಮಗನ ಕಥೆಯನ್ನು ವಿವರಿಸುತ್ತಿದ್ದರು. ಗಾರ್ಡ್ ಆದ ಮಾಮಾ ಎಂದಿನಂತೆ ಕಡೆಯ ಬೆಂಚಿನಲ್ಲಿದ್ದ. ಕಣ್ಣು ಹತ್ತಿತ್ತು. ಮಗ ಹಂದಿ ಕಾಯುವುದನ್ನು ಬಿಟ್ಟು ಅಪ್ಪನ ಮನೆಯ ಹಾದಿ ಹಿಡಿದಿದ್ದ, ಇನ್ನೂ ಊರು ಮುಟ್ಟಿರಲಿಲ್ಲ. ಮಾಮಾನಿಗೆ ಥಟ್ಟನೆ ಎಚ್ಚರವಾಯಿತು. ಯಾರೋ ಮಾತಾಡುತ್ತಲೇ ಇದ್ದಾರೆ, ಗಡಿಯಾರ ನೋಡಿದರೆ ಹನ್ನೆರಡು ನಿಮಿಷ ಯಾವಾಗಲೋ ಮುಗಿದಿದೆ. ಎದ್ದು ನಿಂತವನೇ ಊದಿದ.

ಆಮೇಲೆ ಆದದ್ದಕ್ಕೆ ಮಾಮಾ ಜವಾಬ್ದಾರನಲ್ಲ ಎಂದೇ ನನ್ನ ವಾದ. ನಮ್ಮ ಚರ್ಚಿನಲ್ಲಿ ಅರ್ಧ ಜನ ರೈಲ್ವೆಯವರು. ಸೀಟಿ ಕೇಳಿದ ಕೂಡಲೇ ಅವರು ಎದ್ದು ನಿಂತರು. ಅವರು ಎದ್ದದ್ದನ್ನು ನೋಡಿ ಉಳಿದವರೂ ಎದ್ದರು. ಪ್ರಬೋಧನೆ ಮುಗಿದ ಮೇಲೆಯೇ ಜನ ಏಳುವುದು ವಾಡಿಕೆಯಾದ್ದರಿಂದ ಹಾಡುವ ತಂಡದವರು ಅದರ ಮುಂದಿನ ಪ್ರಾರ್ಥನೆಯಾದ ವಿಶ್ವಾಸ ಪ್ರಮಾಣ ಶುರುಮಾಡಿಯೇಬಿಟ್ಟರು. ತಪ್ಪಿಹೋದ ಮಗ ಆ ಭಾನುವಾರ ಮನೆ ಸೇರಲೇ ಇಲ್ಲ. ಪೂಜೆ ಮುಗಿದ ಮೇಲೆ ಹತ್ತಾರು ಜನ ಬಂದು ಮಾಮಾನ ಕೈ ಕುಲುಕಿದರು, ಫಾದರ್ ನೋಡದ ಹಾಗೆ.

ಆದರೆ ಫಾದರ್ ಕರೆಸಿದರು. ನಾನೂ ಜೊತೆಗಿದ್ದೆ. ಅವರು ಕೋಪಿಸಿಕೊಳ್ಳಲಿಲ್ಲ, ಅದೇ ಕಷ್ಟವಾಯಿತು.

"ಅಂಕಲ್, ನಿಮಗೂ ಎಪ್ಪತ್ತು ದಾಟಿತು. ರೋಗಿ ಭೇಟಿಯನ್ನು ಇನ್ನು ಯುವಕರು ನೋಡಿಕೊಳ್ಳಲಿ. ರೋಗಿಗಳ ಹತ್ತಿರ ಸಮಾಧಾನವಾಗಿ ಕೂರಬೇಕು, ಗಡಿಯಾರ ನೋಡುತ್ತ ಕೂರಬಾರದು," ಎಂದರು.

ಮಾಮಾ ವಾದ ಮಾಡುತ್ತಾನೆಂದು ಕಾದೆ. "ಆಗಲ್ರಿ ಫಾದರ್," ಎಂದಷ್ಟೇ ಹೇಳಿ ಹೊರಗೆ ಬಂದ. ಸೂಚನಾ ಫಲಕದಿಂದ ವೇಳಾಪಟ್ಟಿಯನ್ನು ತಾನೇ ಬಿಚ್ಚಿ, ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಭಾನುವಾರದ ಮಧ್ಯಾಹ್ನದ ನಿದ್ದೆ ಮರಳಿ ಸಿಕ್ಕಿತಲ್ಲ! ಎರಡನೆಯ ಭಾನುವಾರ ಯಾವುದೋ ಕೆಲಸಕ್ಕೆ ಅವನ ಮನೆಗೆ ಹೋದೆ. ಸರಿಯಾಗಿ ನಾಲ್ಕು ಗಂಟೆ. ಮಾಮಾ ಬಿಳಿ ಅಂಗಿ ತೊಟ್ಟು, ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. "ಎಲ್ಲಿಗೆ ಮಾಮಾ?" ಎಂದೆ. "ಎಲ್ಲಿಗೂ ಇಲ್ಲ," ಎಂದ. ಅವನ ಸೊಸೆ ಒಳಗಿನಿಂದ, "ಹೋದ ವಾರಾನೂ ಹಿಂಗ ಕುಂತಿದ್ರು, ಆರರ ತನಕ," ಎಂದಳು. ಅವತ್ತು ನನಗೆ ನಗು ಬರಲಿಲ್ಲ.

ಇತ್ತ ಹೊಸ ತಂಡದವರು ಎಂಟು ಜನ, ಗಿಟಾರು ಹಿಡಿದು, ಹಣ್ಣು ಹಂಪಲು ಹೊತ್ತು ಮನೆ ಮನೆಗೆ ಹೋಗುತ್ತಿದ್ದರು. ಒಂದೊಂದು ಮನೆಯಲ್ಲಿ ಎರಡೆರಡು ತಾಸು. ತಿಂಗಳಾಗುವುದರೊಳಗೆ ರೋಜಾ ಬಾಯಿ ಮಗಳ ಕೈಯಲ್ಲಿ ಫಾದರ್‌ಗೆ ಹೇಳಿ ಕಳಿಸಿದಳು, ಬರುವಾಗ ಸೀಟಿ ಮಾಮಾನನ್ನೂ ಕರೆತರಬೇಕೆಂದು. ಫಾದರ್, ಮಾಮಾ, ನಾನು, ಮೂವರೂ ಹೋದೆವು.

"ಫಾದರ್, ಮೊದಲಿನಂಗ ಇವರನ್ನ ಕಳಸ್ರಿ," ಎಂದಳು.

"ಯಾಕಮ್ಮ, ಹುಡುಗರು ಸರಿಯಾಗಿ ಮಾತಾಡಿಸಲಿಲ್ಲವೇ?"

"ಹುಡುಗ್ರು ಬಂಗಾರದಂಥವ್ರು ಬಿಡ್ರಿ." ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. "ಹೇಳಬಾರದು, ಆದ್ರೂ ಹೇಳ್ತೇನಿ. ನನಗ ಒಂದಕ್ಕ ಹೋಗೂದಿತ್ತು. ಮಗಳು ಬಂದು ಎತ್ತಬೇಕು. ಅಷ್ಟು ಗಂಡು ಹುಡುಗ್ರ ಮುಂದ ಹೆಂಗ ಕರೀಲಿ? ಅವರು ಹಾಡಾಕತ್ತಿದ್ರು, ನಾ ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಈ ಗಾರ್ಡ್ ಸಾಹೇಬ್ರು ಬಂದ್ರ ಹನ್ನೆರಡು ನಿಮಿಷ ಅಂತ ಗೊತ್ತಿರ್ತೈತಿ. ಕಥಿ ಮುಂದಿನ ವಾರದ ತನಕ ತಡೀತೈತ್ರಿ ಫಾದರ್. ಇದು ತಡಿಯಾಂಗಿಲ್ಲ."

ಫಾದರ್ ಮಾಮಾನ ಭುಜದ ಮೇಲೆ ಕೈಯಿಟ್ಟು, "ಅಂಕಲ್, ಆ ವೇಳಾಪಟ್ಟಿ ಇದೆಯಾ?" ಎಂದು ಕೇಳಿದರು. ಮಾಮಾ ಜೇಬಿನಿಂದ ತೆಗೆದು ಕೊಟ್ಟ.

ಬರುವಾಗ ಸ್ಕೂಟರಿನ ಮೇಲೆ ಮಾಮಾ ಹಂಡೆಯ ವಿಷಯ ಎತ್ತಲಿಲ್ಲ. ರೈಲ್ವೆ ಕ್ವಾರ್ಟರ್ಸಿನ ಹತ್ತಿರ ಗಾಡಿ ನಿಲ್ಲಿಸು ಎಂದ. ಇಳಿದು ನಿಂತು ಹೇಳಿದ.

"ನಿಮ್ಮ ಮಾಮಿ ಹಾಸಿಗಿ ಹಿಡದಾಗ ಮಂದಿ ಪ್ರೀತೀಲೆ ಬರ್ತಿದ್ರವ್ವ. ಒಂದಿನ ಬಂದವ್ರು ಎರಡು ತಾಸು ಕುಂತ್ರು, ನಗಾಡಿದ್ರು. ಆಕಿ ಮಾರಿ ನೋಡಿ ನನಗ ತಿಳೀತು. ಏಳ್ರಿ ಅನ್ನಾಕ ನಾಚಿಕಿ ಬಂತು ನನಗ. ಅವರು ಹೋದಮ್ಯಾಲೆ ನೋಡಿದ್ರ ಹಾಸಿಗಿ ತೊಯ್ದಿತ್ತು. ಆಕಿ ಗ್ವಾಡಿ ಕಡೆ ಹೊಳ್ಳಿ ಅಳಾಕತ್ತಿದ್ಲು." ಸೀಟಿಯನ್ನು ಬೆರಳಲ್ಲಿ ಹಿಡಿದುಕೊಂಡ. "ಎಷ್ಟು ಗಾಡಿಗೆ ಊದೇನಿ ನಾ. ಅವತ್ತೂ ಇದು ಕೊಳ್ಳಾಗ ಇತ್ತು. ಊದಲಿಲ್ಲ."

ಅವತ್ತು ಬಂದವರು ಯಾರೆಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನನಗೆ ನೆನಪಿತ್ತು. ನನ್ನ ತಾಯಿ, ಚಿಕ್ಕಮ್ಮ ಮತ್ತು ನಾನು. ಮಾಮಿಗೆ ಬೇಸರವಾಗಬಾರದೆಂದು ಶಾಲೆಯ ಕಥೆಗಳನ್ನೆಲ್ಲ ಹೇಳಿ ನಗಿಸುತ್ತ ಕೂತವಳು ನಾನೇ. ಮಾಮಿ ನಕ್ಕಿದ್ದಳು ಕೂಡ. ಸೇವೆ ಮಾಡಿ ಬಂದೆನೆಂದು ಹೆಮ್ಮೆಯಿಂದ ಮನೆಗೆ ಹೋಗಿದ್ದೆ. ಈಗ ಆ ರಸ್ತೆಯ ಬದಿಯಲ್ಲಿ ನಿಂತು ನನಗೆ ತಡೆಯಲಾರದಷ್ಟು ಅಳು ಬಂತು.

"ಆತು, ಗಾಡಿ ಹತ್ತು. ಆರೂವರಿಗೆ ಶೆಡ್ಡಿಗೆ ಹೋಗ್ಬೇಕು," ಎಂದು ಮಾಮಾ ಹಿಂದೆ ಕೂತು ಸೀಟಿ ಊದಿದ.

ವೇಳಾಪಟ್ಟಿ ಮತ್ತೆ ಫಲಕದ ಮೇಲೆ ಬಂತು. ಫಾದರ್ ಅವರ ಪ್ರಬೋಧನೆಯೂ ಹನ್ನೆರಡು ನಿಮಿಷಕ್ಕಿಳಿದು, ತಪ್ಪಿಹೋದವರೆಲ್ಲ ಹೊತ್ತಿಗೆ ಸರಿಯಾಗಿ ಮನೆ ಸೇರತೊಡಗಿದರು. ಆದರೆ ಮಳೆಗಾಲದಲ್ಲಿ ಮಾಮಾ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದ. ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಡಾಕ್ಟರು ಇನ್ನೂ ಏಳಬಾರದು ಎಂದಿದ್ದಾರೆ. ರೋಗಿಗಳ ಪಟ್ಟಿಗೆ ಅವನ ಹೆಸರು ಸೇರಿಸಲು ಹೋದರೆ, "ನಾ ರೋಗಿ ಅಲ್ಲ. ರಿಪೇರಿಗೆ ನಿಂತ ಗಾಡಿ," ಎಂದು ಜಗಳ ತೆಗೆದ. ಕಡೆಗೆ ಸೀಟಿಯನ್ನು ಕೊರಳಿನಿಂದ ತೆಗೆದು ನನ್ನ ಕೈಗಿಟ್ಟ.

ಈಗ ನಾನೊಬ್ಬಳೇ ಹೋಗುತ್ತೇನೆ, ಪ್ರತಿ ಮನೆಯಲ್ಲೂ ನಾಚಿಕೆ ಬಿಟ್ಟು ಊದುತ್ತೇನೆ. ರೋಜಾ ಬಾಯಿಯ ಮನೆಯಾದ ಮೇಲೆ ಕೊನೆಯ ನಿಲ್ದಾಣ ಮಾಮಾ. ಹೋದ ಭಾನುವಾರ ನಾನು ಚಪ್ಪಲಿ ಬಿಡುವ ಮೊದಲೇ, "ಹಂಡೆ ಸಿಕ್ತೇನು?" ಎಂದು ಕೇಳಿದ.

"ಸಿಕ್ತಂತ ಮಾಮಾ. ಬ್ಯಾರೆ ಯಾರೂ ಅಲ್ಲ, ಮದುಮಗನ ಅಜ್ಜಿನ ಒಯ್ದಿದ್ಲಂತ."

"ಅಜ್ಜಿ? ಯಾಕಂತ?"

ಹೇಳತೊಡಗಿದೆ. ನಡುವೆ ಪ್ರಾರ್ಥನೆಯಾಯಿತು, ಚಹಾ ಆಯಿತು. ಅಜ್ಜಿ ಹಂಡೆಯನ್ನು ಸೀರೆಯಡಿ ಮುಚ್ಚಿಕೊಂಡು ಬಾವಿಯ ಹತ್ತಿರ ಹೋಗುವ ಹೊತ್ತಿಗೆ ಗಡಿಯಾರ ನೋಡಿದೆ. ಹನ್ನೆರಡು ನಿಮಿಷ. ಅವನ ಶಿಷ್ಯೆ ನಾನು, ಎದ್ದು ಬಾಗಿಲಿಗೆ ಹೋಗಿ ಸೀಟಿಯನ್ನು ತುಟಿಗಿಟ್ಟೆ.

"ಏ ನಮ್ಮವ್ವ, ತಡಿ," ಎಂದ ಮಾಮಾ. ಗೋಡೆಯ ಗಡಿಯಾರವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಅವನ ಬಾಯಿಂದ ನಾನು ಎಂದೂ ಕೇಳದಿದ್ದ ಮಾತನ್ನು ಮೆಲ್ಲಗೆ ಹೇಳಿದ.

"ಗಾಡಿ ಲೇಟ್ ಐತಿ. ಕುಂದ್ರು."