ಉಸಿರು ನೋಡಲು ಕುಳಿತದ್ದು

ಶಾಂತವಾಗಿರಬೇಕು ಎಂದು ನಾನು ಮನಸ್ಸು ಮಾಡಿದ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಶಾಂತಿ ಇಲ್ಲ. ವಾರಕ್ಕೊಂದಾದರೂ ಎಡವಟ್ಟು ಆಗುತ್ತಲೇ ಇರುತ್ತದೆ.

ನಮ್ಮದು ಉಗರಗೋಳ. ಎಲ್ಲವ್ವನ ಗುಡ್ಡಕ್ಕೆ ಹೋಗುವವರಿಗೆ ಕಾಯಿ, ಕುಂಕುಮ ಮಾರುತ್ತೇವೆ. ನನ್ನ ಬಾಯಿ ಜೋರು ಎಂಬುದು ಓಣಿಗೆಲ್ಲ ಗೊತ್ತು. ಆದರೆ ಎಂಟನೆಯ ತರಗತಿಯ ಮಗಳು ಮೈ ಸುಡುವ ಜ್ವರದಲ್ಲೂ ಅಜ್ಜಿಗೆ, "ಮಮ್ಮಿಗೆ ಹೇಳಬ್ಯಾಡ, ಒದರತಾಳ" ಅಂದದ್ದು ಕಿವಿಗೆ ಬಿತ್ತು. ಸವದತ್ತಿಗೆ ಬಂದಿದ್ದ ಬೌದ್ಧ ಭಿಕ್ಷುವೊಬ್ಬರ ಬಳಿ ಐದು ದಿನ ಧ್ಯಾನ ಕಲಿಯಲು ಹೋದೆ. "ಮಾಡುವ ಕೆಲಸದಲ್ಲೇ ಮನಸ್ಸಿಡಿ. ಸಿಟ್ಟು ಬಂದರೆ ಸುಮ್ಮನೆ ಉಸಿರು ನೋಡಿ" ಎಂದರು. ಅವರಿಗೇನು, ಸಂಸಾರವಿಲ್ಲ, ಹೇಳಿದರು.

ರೊಟ್ಟಿ

ಕಲಿತು ಬಂದ ಮರುದಿನವೇ ರೊಟ್ಟಿಯಿಂದ ಶುರು ಮಾಡಿದೆ. ಹಿಟ್ಟಿನ ಬಿಸಿ, ಅಂಗೈಯ ಸಪ್ಪಳ, ರೊಟ್ಟಿ ಅಗಲವಾಗುವುದು, ಎಲ್ಲವನ್ನೂ ನೋಡುತ್ತ ನೋಡುತ್ತ ಬಡಿದೆ. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಖಾಲಿ ತಾಟಿನ ಮುಂದೆ ಕುಳಿತ ಯಜಮಾನರು ಮೆಲ್ಲಗೆ ಹೇಳಿದರು:

"ಎರಡನೇ ರೊಟ್ಟಿ ಆಗೂದ್ರಾಗ ನಾ ಗುಡ್ಡ ಹತ್ತಿ ಇಳದ ಬರತೇನಿ."

ಸೀರೆ

ಅದೇ ವಾರ ಯಜಮಾನರು ಕುಂಕುಮದ ಪುಟ್ಟಿಯನ್ನು ಆಗತಾನೇ ಒಗೆದ ನನ್ನ ಸೀರೆಗಳ ಮೇಲೆ ಕೆಡವಿದರು. ನಾನು ಏನೂ ಅನ್ನದೆ ಉಸಿರು ನೋಡಿದೆ. ಅವರು ಬೆವರಿದರು. ಹೇಳದೆಯೇ ನೀರು ತುಂಬಿದರು, ಅಂಗಳ ಗುಡಿಸಿದರು. ಸಂಜೆಗೆ ಮುರಗೋಡದಿಂದ ನನ್ನ ತಮ್ಮ ಮೋಟಾರ್ ಸೈಕಲ್ ಮೇಲೆ ಧಾವಿಸಿ ಬಂದ. ಇವರೇ ಫೋನ್ ಮಾಡಿದ್ದರಂತೆ.

"ಅಕ್ಕಾ," ಅಂದ ತಮ್ಮ, "ಒಂದ ಸಲ ಬೈದಬಿಡು. ಮಾಮಾ ಮುಂಜಾನಿಂದ ಊಟಾ ಮಾಡಿಲ್ಲ."

ಸಹಿ

ಮೊನ್ನೆ ಮುಂಜಾನೆ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದೆ. ಹಣೆಗೆ ಏನೋ ತಗುಲಿತು. ಅತ್ತೆ ದೇವಿಯ ಅರಿಶಿನ, ಭಂಡಾರ ಹಚ್ಚುತ್ತಿದ್ದರು. ನನ್ನ ಮೈಯಲ್ಲಿ ಎಲ್ಲವ್ವ ಬಂದಿದ್ದಾಳೆ ಎಂದು ಅವರು ತಿಳಿದಿದ್ದರು. ನಮ್ಮೂರಲ್ಲಿ ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಡುವ ಹೆಂಗಸಿಗೆ ಬೇರೆ ಅರ್ಥವೇ ಇಲ್ಲ. ಎದುರು ಮನೆಯ ಹೆಂಗಸು, ನಾವೆಲ್ಲ ಕಾಕು ಅನ್ನುವವರು, ಆಗಲೇ ಬಂದು ಕೈ ಮುಗಿದಿದ್ದರು.

"ತಾಯಿ, ನಮ್ಮ ಎಮ್ಮಿ ಯಾಕ ಹಾಲ ಕೊಡವಲ್ದು?"

ಏನೇ ಬಂದರೂ ಸುಮ್ಮನೆ ನೋಡಿ ಎಂದಿದ್ದರಲ್ಲ ಭಿಕ್ಷುಗಳು. ಸುಮ್ಮನೆ ಕುಳಿತೆ. ಕಾಕು ಗಲ್ಲ ಬಡಿದುಕೊಂಡು ಹೋದರು.

ಆಮೇಲೆ ಮಗಳು ಎದುರಿಗೆ ಬಂದು ಕುಳಿತಳು. ನನ್ನ ತೊಡೆಯ ಮೇಲೆ ಒಂದು ಹಾಳೆ ಇಟ್ಟು, ಬೆರಳುಗಳ ನಡುವೆ ಒಂದು ಪೆನ್ನು ಸಿಕ್ಕಿಸಿದಳು.

"ಎಲ್ಲವ್ವ ತಾಯಿ, ಗಣಿತದಾಗ ಹನ್ನೊಂದ ಮಾರ್ಕ್ಸ ಬಂದಾವು. ಮಮ್ಮಿ ಮೈಯಾಗ ಇರೂತನಾ ಒಂದ ಸಹಿ ಮಾಡಿಬಿಡು. ಆಕಿ ತಿರುಗಿ ಬಂದ್ಲಂದ್ರ ಆಗಂಗಿಲ್ಲ."

ಕಣ್ಣು ತೆರೆದೆ. "ನಾ ಮಮ್ಮಿನ ಅದೇನಿ."

ಹುಡುಗಿಯ ಮುಖ ಬಿಳುಚಿತು. ಆದರೆ ಎದ್ದು ಓಡಲಿಲ್ಲ. ನನಗೆ ಸಿಟ್ಟು ಬಂತು. ಉಸಿರು ನೋಡಿದೆ, ಮತ್ತೆ ನೋಡಿದೆ. ಮಗಳು ಅಲ್ಲೇ ಕುಳಿತಿದ್ದಳು, ಅದೇ ನನಗೆ ದೊಡ್ಡದೆನಿಸಿತು. ಸಹಿ ಮಾಡಿ, "ಇನ್ನ ಮ್ಯಾಲೆ ನನಗ ಹೇಳವಾ" ಅಂದೆ. ದನಿ ನನ್ನದೇನಾ ಎನ್ನುವಷ್ಟು ಮೆತ್ತಗಿತ್ತು.

ಅವಳಿಗೆ ಧೈರ್ಯ ಬಂದಂತೆ ಕಂಡಿತು. ಲಂಗದ ಮರೆಯಿಂದ ಇನ್ನೊಂದು ಹಾಳೆ ತೆಗೆದಳು.

"ಹಂಗಾದ್ರ ಇನ್ನೊಂದೀಟ ಉಸಿರ ನೋಡ್ಕೊ ಮಮ್ಮಿ. ವಿಜ್ಞಾನದ್ದೂ ಐತಿ."