ತಾರಸಿ ಮೇಲಿನ ಕಬಡ್ಡಿ

ಬಾಗಲಗುಂಟೆಯ ಚಿಕ್ಕಬೈರಪ್ಪನವರ ಉಸಿರು ಸಾಮಾನ್ಯ ಮನುಷ್ಯರ ಉಸಿರಲ್ಲ ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಅವರು ಊರಿನ ಬಸ್ ಸ್ಟಾಪಿನಲ್ಲಿ 'ಕಬಡ್ಡಿ ಕಬಡ್ಡಿ' ಎಂದು ಶುರುಮಾಡಿ ಬಸ್ಸು ಹತ್ತಿದರೆ ಯಶವಂತಪುರದಲ್ಲಿ ಇಳಿದ ಮೇಲೆಯೇ ಮತ್ತೆ ಉಸಿರೆಳೆದುಕೊಳ್ಳುತ್ತಾರೆ, ಕಂಡಕ್ಟರು ಟಿಕೆಟ್ ಕೇಳಿದರೆ ಒಂದು ಬೆರಳು ಎತ್ತಿ ತೋರಿಸುತ್ತಾರೆ ಎಂದು ಜನ ಹೇಳುತ್ತಿದ್ದರು. (ಬಸ್ಸು ದಾರಿಯಲ್ಲಿ ಕೆಟ್ಟು ನಿಂತ ದಿನ ಏನು ಮಾಡುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಪುರಾಣಕ್ಕೆ ಅಡ್ಡಪ್ರಶ್ನೆ ಹಾಕಬಾರದು.) ಇಷ್ಟಕ್ಕೆಲ್ಲ ಮೂಲ, ಸುಮ್ಮನೆ ಕೂತಾಗಲೂ ತುಟಿ ಅಲುಗಿಸುತ್ತಾ ಕಬಡ್ಡಿ ಗುನುಗುವ ಅವರದೊಂದು ಚಟ, ಅಷ್ಟೇ. ಹೆಂಡತಿ ಸೊಣ್ಣಮ್ಮನವರ ಪ್ರಕಾರ, ಆ ಮಹಾ ಉಸಿರಿನಿಂದ ಮನೆಯ ಸೌದೆ ಒಲೆ ಒಂದು ದಿನವೂ ಹತ್ತಿಕೊಂಡದ್ದಿಲ್ಲ.

ಹಗಲು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು, ಬೆಳಗ್ಗೆ ಸಂಜೆ ಊರ ಹುಡುಗರಿಗೆ ಕಬಡ್ಡಿ ಮೇಷ್ಟ್ರು. ನಾಲ್ಕು ವರ್ಷ ಒದ್ದಾಡಿ ಏಳು ಹುಡುಗರ ತಂಡ ಕಟ್ಟಿದ್ದರು. ಒಬ್ಬನನ್ನು ಗೋಲಿಯಿಂದ ಬಿಡಿಸಿ, ಇಬ್ಬರನ್ನು ಮಾವಿನ ಮರದಿಂದ ಇಳಿಸಿ, ಮಿಕ್ಕವರನ್ನು ಅಪ್ಪಂದಿರ ಕಾಲು ಹಿಡಿದು ತಂದ ತಂಡ ಅದು. ಅಷ್ಟರಲ್ಲಿ ಊರಿಗೆ ಯಾರೋ ಒಂದು ಕ್ರಿಕೆಟ್ ಬ್ಯಾಟು ತಂದಿದ್ದರು. ಯುವಕ ಸಂಘದ ಅಧ್ಯಕ್ಷ ವೆಂಕಟರಾಮಯ್ಯನವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ನೋಡಯ್ಯಾ, ಈ ಸಲ ಹುಡುಗರ ತಾಲ್ಲೂಕು ಪಂದ್ಯಕ್ಕೆ ತಂಡ ಕಳ್ಸಿದ್ರೆ ಮೈದಾನ ನಿಂದು. ಇಲ್ದಿದ್ರೆ ಕ್ರಿಕೆಟ್‌ನೋರಿಗೆ ಕೊಟ್ಬಿಡ್ತೀನಿ."

ಪಂದ್ಯಕ್ಕೆ ಮೂರು ವಾರ ಇರುವಾಗ ಮದ್ರಾಸ್ ಐ ಬಂತು.

ಎಂಬತ್ತೊಂದರ ಆ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಬಿಳಿ ಕಣ್ಣು ಇದ್ದವರನ್ನೇ ಜನ ಅನುಮಾನದಿಂದ ನೋಡುವಂತಾಗಿತ್ತು. ಶಾಲೆಗೆ ರಜೆ, ಅಂಗಡಿಯಲ್ಲಿ ಕಪ್ಪು ಕನ್ನಡಕ ಖಾಲಿ. ಇನ್ನು ಕಬಡ್ಡಿಯೋ, ಒಬ್ಬರ ಕೈ ಒಬ್ಬರು ಹಿಡಿದು, ಬೆವರು ಒರೆಸಿಕೊಂಡು, ಬಿದ್ದವನ ಮೇಲೆ ಆರು ಜನ ಬೀಳುವ ಆಟ. ಸೋಮವಾರ ನಾಯಕ ಜಹೀರನ ಕಣ್ಣು ಕೆಂಪಾಯಿತು. ಬುಧವಾರದ ಹೊತ್ತಿಗೆ ಏಳು ಜನರ ಹದಿನಾಲ್ಕು ಕಣ್ಣೂ ಕೆಂಡ.

"ಮುಗೀತು ಸೊಣ್ಣಿ," ಎಂದು ಚಿಕ್ಕಬೈರಪ್ಪನವರು ಜಗಲಿಯ ಮೇಲೆ ಕುಸಿದರು. "ಒಂದು ವಾರ ಬಿಟ್ರೆ ಹುಡುಗ್ರು ಕೈಗೆ ಸಿಕ್ಕಲ್ಲ. ನಾಲ್ಕು ವರ್ಷದ ತಪಸ್ಸು ನೀರು ಪಾಲು."

"ತಪಸ್ಸು ಮಾಡೋರು ಸಾರು ಸಪ್ಪೆ ಅಂತ ತಟ್ಟೆ ತಳ್ಳಲ್ಲ ಕಣ್ರೀ. ಎದ್ದು ಎಮ್ಮೆಗೆ ಹುಲ್ಲಾಕಿ."

ಎಮ್ಮೆ ಎಂದೊಡನೆ ಮಹಾಶಯರ ತಲೆಯಲ್ಲಿ ಮಿಂಚು ಹೊಡೆಯಿತು. ಸೊಣ್ಣಮ್ಮ ದಿನಾ ಬೆಳಗ್ಗೆ ಹಾಲು ಹಾಕಲು ಹೋಗುವ ಮನೆಗಳಲ್ಲಿ ಆ ಏಳು ಹುಡುಗರ ಮನೆಗಳೂ ಇದ್ದವು! ಬೆಳಗ್ಗೆ ಆರಕ್ಕೆ ತಾವು ತಾರಸಿಯ ಮೇಲಿಂದ ಸೀಟಿ ಊದುವುದು. ಪ್ರತಿ ಹುಡುಗನೂ ತನ್ನ ತನ್ನ ತಾರಸಿಯ ಮೇಲೆ ಒಂದೇ ಉಸಿರಿಗೆ ಕಬಡ್ಡಿ ಹೇಳುವುದು. ಎಷ್ಟು ಸಲ ಹೇಳಿದ ಎಂದು ಮನೆಯವರು ಎಣಿಸುವುದು. ಆ ಸಂಖ್ಯೆಯನ್ನು ಸೊಣ್ಣಮ್ಮ ಹಾಲಿನ ಜೊತೆಗೆ ಹೊತ್ತು ತರುವುದು. ಮುಟ್ಟದ, ನೋಡದ, ಆದರೂ ಒಡೆಯದ ತಂಡ!

"ನಾನೇನು ಹಾಲಿನೋಳಾ, ಟೆಲಿಗ್ರಾಮ್‌ನೋಳಾ?" ಎಂದರು ಸೊಣ್ಣಮ್ಮ.

"ಎರಡೂ ಕಣೆ. ನಿನ್ನಂಥೋಳು ಯಾವ ಕೋಚ್‌ಗೂ ಸಿಕ್ಕಿಲ್ಲ."

"ಬೆಣ್ಣೆ ಸಾಕು, ಮಜ್ಜಿಗೆ ಕುಡೀರಿ."

ಅಂದೇ ಸಂಜೆ ಹುಡುಗರನ್ನು ಕರೆಸಿ, ಕೆಂಗಣ್ಣು ನೋಡಿದರೂ ಅಂಟುತ್ತದೆಂಬ ಭಯಕ್ಕೆ ಅವರಿಗೆ ಬೆನ್ನು ತಿರುಗಿಸಿ ನಿಂತು, ಎದುರಿನ ಹುಣಿಸೆ ಮರವನ್ನು ಉದ್ದೇಶಿಸಿ ಭಾಷಣ ಮಾಡಿದರು. "ಒಬ್ರನ್ನೊಬ್ರು ಮುಟ್ಬೇಡಿ. ಆದ್ರೆ ಒಂದಿನಾನೂ ಆಟ ಬಿಡ್ಬೇಡಿ!" ಹುಣಿಸೆ ಮರ ಗಂಭೀರವಾಗಿ ಕೇಳಿಸಿಕೊಂಡಿತು.

ಮೊದಲೆರಡು ದಿನ ಯೋಜನೆ ಅದ್ಭುತವಾಗಿ ನಡೆಯಿತು. ಸೀಟಿ ಊದಿದೊಡನೆ ಅಲ್ಲೊಂದು ಇಲ್ಲೊಂದು ತಾರಸಿಯಿಂದ 'ಕಬಡ್ಡಿ ಕಬಡ್ಡಿ' ಏಳುತ್ತಿತ್ತು. ಜಹೀರ್ ಮೂವತ್ತೆಂಟು, ಮುನಿಶಾಮಿ ಇಪ್ಪತ್ತೊಂದು. ಮೂರನೆಯ ದಿನ ಮೇಷ್ಟ್ರ ಕಣ್ಣೇ ಅಂಟಿಕೊಂಡು ತೆರೆಯಲಾಗಲಿಲ್ಲ. (ಬೆನ್ನು ತಿರುಗಿಸಿದ್ದು ಹುಡುಗರಿಗೆ, ತಲೆದಿಂಬು ಹಂಚಿಕೊಂಡಿದ್ದು ಏಳು ಮನೆ ಸುತ್ತಿ ಬಂದ ಹೆಂಡತಿಯ ಜೊತೆ. ಆಕೆಗೆ ಮಾತ್ರ ಏನೂ ಆಗಲಿಲ್ಲ.) ಕಣ್ಣಿನ ಮೇಲೆ ನಂದಿಬಟ್ಟಲು ಹೂವಿಟ್ಟು ಬಟ್ಟೆ ಕಟ್ಟಿಸಿಕೊಂಡು ಮಲಗಿದರು. ಅಂದು ಅವರು ಜಗಲಿಯಿಂದಲೇ ಊದಿದ ಸೀಟಿಗೆ ಯಾವ ತಾರಸಿಯಿಂದಲೂ ಉತ್ತರ ಬರಲಿಲ್ಲ. ಸೊಣ್ಣಮ್ಮ ಸಂಖ್ಯೆಯನ್ನೂ ತರಲಿಲ್ಲ. ಚಿಕ್ಕಬೈರಪ್ಪನವರು ಮುದ್ದೆ ಮುಟ್ಟಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು. "ನನ್ ತಂಡ ಹೋಯ್ತು ಬಿಡು," ಎಂದರು. ಕಟ್ಟಿದ ಬಟ್ಟೆಯ ಕೆಳಗಿಂದ ನೀರಿಳಿದದ್ದು ಕಾಯಿಲೆಯದೋ ಕಬಡ್ಡಿಯದೋ ಸೊಣ್ಣಮ್ಮನವರಿಗೆ ತಿಳಿಯಲಿಲ್ಲ.

ಮರುದಿನ ಕೈ ಹಿಡಿಸಿಕೊಂಡು ತಾರಸಿ ಹತ್ತಿ, ಆಸೆಯಿಲ್ಲದೆ ಸೀಟಿ ಊದಿದರು. ಏನಾಶ್ಚರ್ಯ! ಏಳು ದಿಕ್ಕಿನಿಂದ ಕಬಡ್ಡಿ ಎದ್ದಿತು!

"ದನಿ ಯಾಕೋ ಸಣ್ಣಗದೆಯಲ್ಲೇ?"

"ಕಾಯಿಲೆ ಗಂಟಲಿಗೆ ಇಳ್ದದೆ ಕಣ್ರೀ."

ದನಿ ಸಣ್ಣದಾದರೂ ಸಂಖ್ಯೆ ದೊಡ್ಡದಾಗುತ್ತಾ ಹೋಯಿತು. ಜಹೀರನ ಮನೆಯಿಂದ ಐವತ್ತು, ಅರವತ್ತಾರು, ಎಂಬತ್ತು. ಮುನಿಶಾಮಿಯ ಮನೆಯಿಂದ ನೂರಾ ಹನ್ನೆರಡು! ಮಾವಿನ ಮರದಿಂದ ಇಳಿಸಿದ್ದ ಆ ದಪ್ಪ ಹುಡುಗನಲ್ಲಿ ಇಂಥ ವೀರ ಅಡಗಿದ್ದನೇ? ಚಿಕ್ಕಬೈರಪ್ಪನವರು ಎದ್ದು ಕೂತು ಎರಡು ಮುದ್ದೆ ಉಂಡರು. ಹಾಸಿಗೆಯಲ್ಲೇ ತಾಲ್ಲೂಕು ಗೆದ್ದರು, ಜಿಲ್ಲೆ ಗೆದ್ದರು, ರಾಜ್ಯದ ಫೈನಲ್ಲಿಗೆ ಯಾವ ಷರಟು ಹಾಕುವುದೆಂದು ಯೋಚಿಸುತ್ತಿದ್ದಾಗ ಕಣ್ಣು ವಾಸಿಯಾಯಿತು.

ಹತ್ತನೆಯ ದಿನ ಅವರೊಬ್ಬರೇ ತಾರಸಿ ಹತ್ತಿ ಸೀಟಿ ಊದಿ ಕಣ್ಣು ಬಿಟ್ಟು ನೋಡಿದರು.

ಎದುರಿನ ತಾರಸಿಯಲ್ಲಿ, ಒಣಗಲು ಹರವಿದ್ದ ಮೆಣಸಿನಕಾಯಿಗಳ ನಡುವೆ, ಮುನಿಶಾಮಿಯ ಅಜ್ಜಿ ಅಕ್ಕಯ್ಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾಲಗಲಿಸಿ ನಿಂತು ಕಬಡ್ಡಿ ಹೇಳುತ್ತಿದ್ದರು. ಐವತ್ತು ವರ್ಷ ಮದುವೆ ಮನೆಗಳಲ್ಲಿ ಸೋಬಾನೆ ಹಾಡಿದ ಗಂಟಲದು. ಪಕ್ಕದ ಬೀದಿಯ ತಾರಸಿಯಲ್ಲಿ ಜಹೀರನ ತಾಯಿ ನಸೀಮಾ. ಆಚೆಗೆ ಇನ್ನೂ ಐದು ತಾರಸಿ, ಇನ್ನೂ ಐದು ತಾಯಂದಿರು. ದೂರದ ಕೆರೆಯಂಗಳದಲ್ಲಿ ಏಳು ಹುಡುಗರೂ ಕ್ರಿಕೆಟ್ ಆಡುತ್ತಿದ್ದರು.

ಚಿಕ್ಕಬೈರಪ್ಪನವರು ಬಿದ್ದಂತೆ ಮೆಟ್ಟಿಲಿಳಿದರು. "ಸೊಣ್ಣೀ! ಏನೇ ಇದು?"

"ನೀವು ಊಟ ಬಿಟ್ಟು ಗೋಡೆ ಕಡೆ ತಿರುಗ್ಕೊಂಡ್ರಲ್ಲ, ನೋಡಕ್ಕಾಗ್ಲಿಲ್ಲ. ಹುಡುಗ್ರು ಆವತ್ತೇ ಕೆರೆ ಕಡೆ ಹೋಗ್ಬಿಟ್ಟಿದ್ವು. ಮನೆಮನೆಗೆ ಹೋಗಿ, ಹೆಂಗಾದ್ರೂ ಒಂದಿಷ್ಟು ಕಬಡ್ಡಿ ಅನ್ರವ್ವಾ, ನಮ್ಮೆಜಮಾನ್ರು ಉಳೀಲಿ ಅಂತ ಕೇಳ್ಕೊಂಡೆ. ನಂಬರ್ ಮಾತ್ರ ಒಂದೂ ಸುಳ್ಳಲ್ಲ, ಅವರವರ ಮನೆಯೋರೇ ಎಣಿಸಿದಾರೆ."

ಮೇಷ್ಟ್ರು ಕೆರೆಯಂಗಳಕ್ಕೆ ಓಡಿ ಜಹೀರನ ಕೈಯಿಂದ ಬ್ಯಾಟು ಕಿತ್ತುಕೊಂಡರು.

"ನೀವೇ ಹೇಳಿದ್ರಲ್ಲ ಮೇಷ್ಟ್ರೆ," ಎಂದ ಅವನು, ಕಣ್ಣರಳಿಸಿ. "ಯಾರನ್ನೂ ಮುಟ್ಬೇಡಿ, ಆಟ ಬಿಡ್ಬೇಡಿ ಅಂತ. ಮುಟ್ದೆ ಆಡೋದು ಇದೊಂದೇ. ಅಮ್ಮೀನೇ ಕಳ್ಸಿದ್ಳು. ಈಗ ತಾಲ್ಲೂಕು ಪಂದ್ಯದ ದಿನಾನೇ ನಮಗೂ ಹೆಸರಘಟ್ಟದೋರ ಜೊತೆ ಮ್ಯಾಚ್ ಐತೆ. ಮಾತು ಕೊಟ್ಬಿಟ್ಟಿದೀವಿ. ಬ್ಯಾಟು ಕೊಡಿ ಮೇಷ್ಟ್ರೆ, ಲೇಟಾಗ್ತದೆ."

ಮೇಷ್ಟ್ರು ಕೊಟ್ಟರು. ಮಾತಿಗೆ ತಪ್ಪಬಾರದು ಎಂದು ನಾಲ್ಕು ವರ್ಷ ಕಲಿಸಿದ್ದೂ ಅವರೇ.

ಸಂಜೆ ವೆಂಕಟರಾಮಯ್ಯನವರು ಸ್ಕೂಟರಿನಲ್ಲಿ ಬಂದಿಳಿದರು. ಮುಖವೆಲ್ಲ ನಗು. "ಭೇಷ್ ಬೈರಪ್ಪ! ಇಂಥ ಕಾಯಿಲೇಲೂ ತಂಡ ಒಡೀದೆ ಕಾಪಾಡ್ಕೊಂಡ್ಯಲ್ಲ. ದಿನಾ ಬೆಳಗ್ಗೆ ನಮ್ಮನೇವರೆಗೂ ಕೇಳ್ತಿತ್ತು ಕಣಯ್ಯಾ, ಮೈ ಜುಂ ಅಂತಿತ್ತು. ಮೈದಾನ ನಿಂದೇ!" ಜೇಬಿನಿಂದ ಫಾರಂ ತೆಗೆದು ಸ್ಕೂಟರಿನ ಸೀಟಿನ ಮೇಲೆ ಹರಡಿ ಪೆನ್ನಿನ ಮುಚ್ಚಳ ಬಿಚ್ಚಿದರು. "ಹದಿನಾರು ವರ್ಷದೊಳಗಿರ್ಬೇಕು ಅಷ್ಟೇ. ಎಲ್ಲರಿಗಿಂತ ಹೆಚ್ಚು ಉಸಿರು ಹಿಡಿಯೋರ್ನೇ ಕ್ಯಾಪ್ಟನ್ ಮಾಡು. ಹೇಳು, ಕ್ಯಾಪ್ಟನ್ ವಯಸ್ಸೆಷ್ಟು?"

ಚಿಕ್ಕಬೈರಪ್ಪನವರು ಒಮ್ಮೆ ಎದುರಿನ ತಾರಸಿಯ ಕಡೆ ನೋಡಿದರು.

"ಎಪ್ಪತ್ತೆರಡು ಸಾರ್," ಎಂದರು.